ಮುತ್ತಿನ ಸಾಲಿನ ಕೊನೆಯ ಡಬ್ಬಿ

ಮನುಷ್ಯನಿಗೆ ದಿನಕ್ಕೊಂದು ಹೊಸದು ಬೇಕು ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗಂತೂ ಬೇಡ. ನಿನ್ನೆ ಕೊಂಡದ್ದೇ ಇವತ್ತೂ ಸಿಗಬೇಕು. ಅದೇ ಬಣ್ಣ, ಅದೇ ಮುಚ್ಚಳ, ಅದೇ ವಾಸನೆ. ಆದರೆ ನಾನು ಮೆಚ್ಚಿದ ಯಾವ ವಸ್ತುವೂ ಹೆಚ್ಚು ಕಾಲ ಬಾಳುವುದಿಲ್ಲ. ನನ್ನ ಕೈಗೆ ಒಗ್ಗಿದ್ದ ಸಪೂರ ನೀಲಿ ರಿಫಿಲ್ಲು ಅಂಗಡಿಗೆ ಬರುವುದೇ ನಿಂತಿತು. ಕಾಲಿಗೆ ಸರಿಯಾಗಿ ಕೂರುತ್ತಿದ್ದ ರಬ್ಬರ್ ಚಪ್ಪಲಿ ನಿಂತಿತು. ಚಹಾದಲ್ಲಿ ಅದ್ದಿದರೆ ಮುರಿದು ಮುಳುಗದ ಬಿಸ್ಕತ್ತು ಈ ಲೋಕದಲ್ಲಿ ಒಂದೇ ಒಂದು ಇತ್ತು, ಅದೂ ನಿಂತಿತು. ಇದನ್ನೆಲ್ಲ ಸಹಿಸಿಕೊಂಡವನು ನಾನು. ಆದರೆ ‘ಮುತ್ತಿನ ಸಾಲು’ ಹಲ್ಲುಪುಡಿ ನಿಂತಾಗ ನನ್ನ ಸಹನೆ ಮುಗಿಯಿತು.

ಕೋಟದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಬುದ್ಧಿ ಬಂದಂದಿನಿಂದ ಹಲ್ಲುಜ್ಜಿದ್ದು ಆ ಪುಡಿಯಲ್ಲೇ. ಭತ್ತದ ಉಮಿಯನ್ನು ಕರ್ರಗೆ ಸುಟ್ಟು, ಉಪ್ಪು, ಲವಂಗ, ಕಾಳುಮೆಣಸು ಸೇರಿಸಿ ಪುಡಿ ಮಾಡಿದ್ದು. ಬಾಯಿಗೆ ಹಾಕಿದರೆ ಮೊದಲು ಉರಿ, ಆಮೇಲೆ ಸುಖ. ನನ್ನ ಹೆಂಡತಿ ಜಲಜಾಕ್ಷಿಗೆ ಮಾತ್ರ ಅದನ್ನು ಕಂಡರಾಗದು. ಬೇಸಿನ್ ಕಪ್ಪಾಗುತ್ತದೆ ಎಂಬುದು ಅವಳ ಇಪ್ಪತ್ತಾರು ವರ್ಷಗಳ ದೂರು. ಒಮ್ಮೆ ಬೆಳಿಗ್ಗೆ ವಿಮೆಯ ಏಜೆಂಟರೊಬ್ಬರು ಬಂದಾಗ ನಾನು ಪುಡಿ ತುಂಬಿದ ಬಾಯಲ್ಲೇ ನಕ್ಕು, ಕುಳಿತುಕೊಳ್ಳಿ ಎಂದೆ. ಅವರು ಕುಳಿತುಕೊಳ್ಳಲಿಲ್ಲ. ಮತ್ತೆ ಬರಲೂ ಇಲ್ಲ. ಇದನ್ನು ನಾನು ಆ ಪುಡಿಯ ಗುಣಗಳಲ್ಲೊಂದು ಎಂದೇ ಎಣಿಸಿದ್ದೇನೆ.

ಕಳೆದ ವರ್ಷ ಡಬ್ಬಿ ತಳ ಕಂಡಿತು. ಸಾಲಿಗ್ರಾಮದಲ್ಲಿ ನಾನು ಯಾವಾಗಲೂ ಹೋಗುವ ಅಂಗಡಿಯಲ್ಲಿ ಕೇಳಿದರೆ, “ಅದ್ ಬಪ್ದ್ ನಿಂತ್ ವರ್ಷ ಆಯ್ತ್ ಮಾಷ್ಟ್ರೆ, ನೀವ್ ತಕಂಡ್ ಹೋದ್ದೇ ಕಡೆ ಡಬ್ಬಿ” ಎಂದರು. ಕುಂದಾಪುರದಲ್ಲಿ ನಾಲ್ಕು ಅಂಗಡಿ ಹತ್ತಿಳಿದೆ. ಬೈಂದೂರಿನಲ್ಲಿ ಒಬ್ಬರು ಹೆಸರೇ ಕೇಳಿಲ್ಲವೆಂದು ಹೇಳಿ, ಹೊಳೆಯುವ ಪಟ್ಟೆಪಟ್ಟೆಯ ಪೇಸ್ಟ್ ಒಂದನ್ನು ನನ್ನ ಕಡೆ ದೂಡಿದರು. ಡಬ್ಬಿಯ ಮೇಲಿದ್ದ ತಯಾರಕರ ವಿಳಾಸ ನನ್ನ ಒದ್ದೆ ಕೈ ತಾಗಿ ತಾಗಿ ಎಂದೋ ಅಳಿಸಿಹೋಗಿತ್ತು. ಮನೆಗೆ ಬಂದು ಜಲಜಾಕ್ಷಿಯ ಮುಂದೆ ದುಃಖ ತೋಡಿಕೊಂಡೆ. ಅವಳು ಮೀನು ಕೊಯ್ಯುತ್ತಿದ್ದಳು. ತಲೆ ಎತ್ತದೆ, “ಹಲ್ಲ್ ತಿಕ್ಕುಕೆ ಯಾವ್ದಾರೆ ಎಂತ? ಎಲ್ಲ ಒಂದೇ” ಎಂದಳು. ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಯೋಚಿಸಿದೆ. ಕೇಳಿದ್ದಲ್ಲ, ಹೇಳಿದ್ದು. ಮದುವೆಯಾದಂದಿನಿಂದ ಅವಳು ಹಚ್ಚುತ್ತಿದ್ದ ಶ್ರೀಗಂಧದ ಪೌಡರು ನಿಂತಾಗ, ಅವಳ ಕಣ್ಣು ತುಂಬಿದ್ದನ್ನು ಕಂಡೂ, ‘ಮುಖಕ್ಕೆ ಯಾವುದಾದರೇನು’ ಎಂದು ಸಮಾಧಾನ ಮಾಡಿದವನು ನಾನೇ. ಅವಳು ಆ ಮಾತನ್ನು ಒಂಬತ್ತು ವರ್ಷ ಇಟ್ಟುಕೊಂಡು ಹಾಗೇ ಹಿಂದಿರುಗಿಸಿದ್ದಳು.

ಉಳಿದ ಪುಡಿಯನ್ನು ಭಾನುವಾರಕ್ಕೆ ಮಾತ್ರ ಎಂದು ನಿಗದಿ ಮಾಡಿ, ಬೇರೆ ದಿನ ಬರೀ ಉಪ್ಪಿನಲ್ಲಿ ಉಜ್ಜಿ ದಿನ ದೂಡುತ್ತಿದ್ದೆ. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಕೆರಾಡಿಗೆ ಹೋಗಬೇಕಾಯಿತು. ಊಟ ಮುಗಿಸಿ ಬಸ್ಸಿಗೆ ಕಾಯುತ್ತ ಗಿರಿಜಕ್ಕ ಎಂಬವರ ಸಣ್ಣ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ, ದೇವರ ಪಟದ ಕೆಳಗಿನ ಹಲಗೆಯಲ್ಲಿ, ಎರಡು ಕರಿ ಡಬ್ಬಿಗಳು! ಮೇಲೆ, ನನ್ನ ಡಬ್ಬಿಯಲ್ಲಿದ್ದ ಹಾಗೇ, ಮೂವತ್ತೆರಡಕ್ಕಿಂತ ಹೆಚ್ಚು ಹಲ್ಲು ತೋರಿಸಿ ನಗುವ ಹೆಂಗಸಿನ ಚಿತ್ರ.

“ಅಕ್ಕ, ಆ ಹಲ್ಲುಪುಡಿ ಎರಡೂ ಕೊಡಿ.”

“ಅದ್ ಕೊಡುಕಲ್ಲ, ಅದ್ ನಂದ್” ಎಂದರು ಗಿರಿಜಕ್ಕ.

“ಒಂದಾರೂ ಕೊಡಿ.”

“ಹ್ವಾಯ್, ಎಂತ ಮಾತ್ ಮರಾಯ್ರೆ? ನಂಗೆ ಉಳ್ದದ್ದೇ ಎರಡ್.” ಅವರು ಎದ್ದು ಹೋಗಿ ಡಬ್ಬಿಗಳನ್ನು ಪಟದ ಹಿಂದಕ್ಕೆ ಸರಿಸಿದರು. ನನ್ನ ಮುಖ ನೋಡಿ ಕನಿಕರ ಬಂದಿರಬೇಕು. “ಮಾಡುವರ್ ವಾಸಣ್ಣ ಅಂದೇಳಿ. ಬ್ರಹ್ಮಾವರದ ಬದಿಯವ್ರ್. ಮೊದ್ಲ್ ಸ್ಕೂಟ್ರಂಗೆ ತಂದ್ ಕೊಡ್ತಿದ್ರ್. ಹೋಯಿ ಕೇಣಿ” ಎಂದು ಮನೆಯ ಗುರುತು ಹೇಳಿದರು.

ಮರುದಿನವೇ ಹೋದೆ. ಎಷ್ಟು ಸಿದ್ಧತೆಯಿಂದ ಹೋದೆನೆಂದರೆ, ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿಕೊಂಡಿದ್ದೆ. ನಿಷ್ಠಾವಂತ ಗ್ರಾಹಕರ ಕೈ ಬಿಡುವುದು ಸರಿಯೇ, ಇತ್ಯಾದಿ. ವಾಸಣ್ಣ ಎಪ್ಪತ್ತು ದಾಟಿದವರು. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳಕ್ಕೆ ಕಾಗೆ ಬಾರದ ಹಾಗೆ ಕಾಯುತ್ತ ಕುಳಿತಿದ್ದರು.

“ನಮ್ಮ ಪುಡಿ ಹುಡ್ಕಂಡ್ ಕೋಟದಿಂದ ಬಂದ್ರ್ಯಾ?” ಎಂದು ಎರಡು ಸಲ ಕೇಳಿ, ಕುರ್ಚಿ ತಂದು ಹಾಕಿದರು. ನಾನು ಭಾಷಣ ಶುರು ಮಾಡಿದೆ. ಅವರು ಪೂರ್ತಿ ಕೇಳಿ ನಿಧಾನವಾಗಿ ಅಂದರು: “ಒಂದ್ ಡಬ್ಬಿ ನಿಮ್ಗ್ ಎಷ್ಟ್ ದಿನ ಬತ್ತಿತ್ತ್?”

“ಐದ್ ತಿಂಗ್ಳ್!” ಎಂದೆ ಹೆಮ್ಮೆಯಿಂದ. “ಒಂದ್ ಚಿಟಿಕೆ ಸಾಕಾತಿತ್ತ್.”

“ಮನ್ಯಂಗೆ ಮತ್ತ್ಯಾರ್ ತಿಕ್ತಿದ್ರ್?”

“ನಾನೊಬ್ನೇ.”

“ಶಾಲೆಯಂಗೆ ಯಾರಿಗಾರೂ ಹೇಳಿದ್ರ್ಯಾ, ಹಿಂಗಿದ್ದೊಂದ್ ಪುಡಿ ಇತ್ತ್ ಅಂದೇಳಿ?”

ಹೇಳಿರಲಿಲ್ಲ. ಅಂಥ ಒಳ್ಳೆಯ ವಸ್ತು ಎಲ್ಲರ ಬಾಯಿಗೂ ಬೀಳುವುದು ನನಗೆ ಇಷ್ಟವಿರಲಿಲ್ಲ.

“ಹಂಗಾರೆ ನಿಲ್ಸಿದ್ದ್ ನಾನಲ್ಲ ಮಾಷ್ಟ್ರೆ, ನೀವೇ” ಎಂದರು ವಾಸಣ್ಣ. ಕೋಪವಿರಲಿಲ್ಲ. ನನ್ನ ತರಗತಿಯಲ್ಲಿ ನಾನು ತಪ್ಪು ಲೆಕ್ಕ ತಿದ್ದುವಾಗಿನ ಧ್ವನಿ ಅದು. ಆಮೇಲೆ ಹಪ್ಪಳ ಮಗುಚುತ್ತ ಹೇಳಿದರು: “ಉಮಿ ಸುಡುದ್ ಎಲ್ಲ ನಮ್ಮನೆಯವ್ಳೇ. ಅವ್ಳ್ ಹೋದ್ಮೇಲೆ ಎರಡ್ ವರ್ಷ ನಾನೊಬ್ನೇ ಮಾಡ್ದೆ. ಅವ್ಳ್ ಕೈಯ ಹದ ಬರ್ಲಿಲ್ಲ. ಅಂಗ್ಡಿಯವ್ರ್ ತಕಂಬುದ್ ಬಿಟ್ರ್. ಪುಡಿ ಹಾಳಾಯ್ತ್ ಅಂದ್ ಯಾರೂ ಬೈಯ್ಲಿಲ್ಲ, ಕಾಣಿ. ಬೈದಿದ್ರೆ ಸರಿ ಮಾಡ್ತಿದ್ದೆ.”

ಆ ಎರಡು ವರ್ಷದ ಪುಡಿಯಲ್ಲೂ ನಾನು ಹಲ್ಲುಜ್ಜಿದ್ದೆ. ನನಗೆ ವ್ಯತ್ಯಾಸವೇ ತಿಳಿದಿರಲಿಲ್ಲ. ಅದನ್ನು ಹೇಳಿದರೆ ಅವರಿಗೆ ಸಮಾಧಾನವಾದೀತೋ, ತೀರಿಹೋದ ಅವರ ಹೆಂಡತಿಗೆ ಅವಮಾನವಾದೀತೋ ಗೊತ್ತಾಗದೆ ಒಂದು ಕಾಗೆಯನ್ನು ಓಡಿಸಿದೆ.

“ನೀವೀಗ ಎಂತದ್ರಂಗೆ ತಿಕ್ಕುದ್?” ಎಂದು ಕೇಳಿದೆ.

ವಾಸಣ್ಣ ಆಚೀಚೆ ನೋಡಿದರು. “ಮೊಮ್ಮಗ್ಳ್ ತಂದ್ ಕೊಟ್ಟದ್. ನೀಲಿ ಪೇಸ್ಟ್. ಬಾಯೆಲ್ಲ ತಣ್ಣಗೆ ಆತ್ತ್, ಹಲ್ಲ್ ತಿಕ್ದಾಂಗೇ ಆತಿಲ್ಲ.” ಮತ್ತೆ ಒಂದು ಹಪ್ಪಳ ಮಗುಚಿ, “ನೀವೇ ಮಾಡಿ ಕಾಣಿ. ನಾನ್ ಹೇಳ್ತೆ, ಬರ್ಕಣಿ” ಎಂದರು.

ಬರೆದುಕೊಂಡೆ. ಅಕ್ಕಿ ಮಿಲ್ಲಿನಿಂದ ಒಂದು ಗೋಣಿ ಉಮಿ ತಂದು ಭಾನುವಾರ ಹಿತ್ತಲಲ್ಲಿ ಸುಟ್ಟೆ. ಕಪ್ಪಾದ ಕೂಡಲೇ ನೀರು ಚಿಮುಕಿಸಿ ಬೆಂಕಿ ಆರಿಸಬೇಕು. ನಾನು ಕಪ್ಪಾಯಿತೇ ಎಂದು ಯೋಚಿಸುವಷ್ಟರಲ್ಲಿ ಬೂದಿಯಾಗಿತ್ತು. ಎರಡನೆಯ ಭಾನುವಾರ ಹೊಗೆ ಕಂಡು ನೆರೆಮನೆಯವರು ಕೊಡಪಾನ ಹಿಡಿದು ಓಡಿಬಂದರು. ಮೂರನೆಯ ಭಾನುವಾರ ಜಲಜಾಕ್ಷಿ ಅಡುಗೆಮನೆಯಿಂದ ಎದ್ದು ಬಂದು, “ಸರೀನಿ ಆಚೆ” ಎಂದು ಸೆರಗು ಸಿಕ್ಕಿಸಿಕೊಂಡು, ತಾನೇ ನೀರು ಚಿಮುಕಿಸಿದಳು; ಉಮಿ ಕರ್ರಗೇ ಉಳಿಯಿತು. ಬೇಸಿನ್ ಕಪ್ಪು ಮಾಡುವ ವಸ್ತುವಿನ ತಯಾರಿಕೆಗೆ ಅವಳು ಯಾಕೆ ಕೈ ಹಾಕಿದಳೋ ನಾನು ಕೇಳಲಿಲ್ಲ. ಕೇಳಿದ್ದರೆ ಎದ್ದು ಹೋಗುತ್ತಿದ್ದಳು.

ಅದರಿಂದ ಮಾಡಿದ ಪುಡಿಯನ್ನು ವಾಸಣ್ಣನಿಗೆ ಕೊಂಡುಹೋಗಿ ಕೊಟ್ಟೆ. ಅವರು ಬಾವಿಕಟ್ಟೆಯ ಬಳಿ ನಿಂತು ಕಣ್ಣು ಮುಚ್ಚಿ ಬಹಳ ಹೊತ್ತು ಉಜ್ಜಿದರು. ಪರೀಕ್ಷೆಗೆ ಕುಳಿತ ಮಕ್ಕಳ ಕಷ್ಟ ನನಗೆ ಅವತ್ತು ಗೊತ್ತಾಯಿತು. ಬಾಯಿ ತೊಳೆದು, “ಲವಂಗ ಒಂಚೂರ್ ಕಮ್ಮಿ. ಆರೆ ಹದ ಬಂದಿತ್ತ್” ಎಂದರು. ಒಳಗೆ ಹೋಗಿ ಹೆಂಡತಿಯ ಜರಡಿ ತಂದು ನನ್ನ ಕೈಗಿಟ್ಟು, ಮುಖ ತಿರುಗಿಸಿಕೊಂಡರು.

ಈಗ ನಾನು ‘ಮುತ್ತಿನ ಸಾಲು’ ತಯಾರಕ. ತಿಂಗಳಿಗೆ ಎರಡು ಭಾನುವಾರ ಉಮಿ ಸುಡುತ್ತೇನೆ. ಗಿರಿಜಕ್ಕನಿಗೆ ಕೆರಾಡಿ ಬಸ್ಸಿನಲ್ಲಿ ಕಳಿಸಬೇಕು. ಡ್ರಿಲ್ ಮೇಷ್ಟ್ರಿಗೂ ರುಚಿ ಹತ್ತಿದೆ. ವಾಸಣ್ಣ ಒಂದು ಡಬ್ಬಿಯನ್ನು ಹದಿನೈದು ದಿನದಲ್ಲಿ ಮುಗಿಸಿ ಫೋನ್ ಮಾಡುತ್ತಾರೆ. ಸ್ವಲ್ಪ ಹಿಡಿದು ಬಳಸಿ ಎಂದು ಒಮ್ಮೆ ನನ್ನ ಬಾಯಿಂದಲೇ ಬಂತು. ಅವರು ಅದು ಕೇಳಿಸದವರ ಹಾಗೆ ಮಾಡಿದರು.

ಕಳೆದ ಸೋಮವಾರ ಬೆಳಿಗ್ಗೆ ನೋಡಿದರೆ ಮನೆಯಲ್ಲಿ ಒಂದು ಚಿಟಿಕೆಯೂ ಇರಲಿಲ್ಲ, ಎಲ್ಲವೂ ಹಂಚಿಹೋಗಿತ್ತು. ಶಾಲೆಗೆ ಹೊತ್ತಾಗುತ್ತಿತ್ತು. ಜಲಜಾಕ್ಷಿಯ ಪೇಸ್ಟನ್ನು ಕದ್ದು ಬೆರಳಿಗೆ ಹಾಕಿಕೊಂಡೆ. ಬೇಸಿನ್ ಬೆಳ್ಳಗೇ ಉಳಿಯಿತು.

“ಹ್ವಾಯ್, ಹ್ಯಾಂಗಿತ್ತ್?” ಎಂದಳು ಬಾಗಿಲಲ್ಲಿ ನಿಂತು.

ಅಡ್ಡಿಲ್ಲ ಎಂದೆ. ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಇದನ್ನು ಓದಿದ ನೀವು ದಯವಿಟ್ಟು ಬ್ರಹ್ಮಾವರದ ಕಡೆ, ವಾಸಣ್ಣನ ಮುಂದೆ, ಬಾಯಿ ಬಿಡಬೇಡಿ. ಬರುವ ಭಾನುವಾರ ನನಗೆ ಒಂದು ಗೋಣಿ ಉಮಿ ಸುಡುವುದಿದೆ.