ಕೋಟಿನ ಗುಂಡಿ ಬಿಚ್ಚದ ಸುಂದರಿಯ ಕುರಿತು, ಸಪ್ಪಲಮ್ಮ ಟಾಕೀಸಿನ ಮಾಲೀಕರಿಗೆ

ಯಲಹಂಕದ ಶ್ರೀ ಸಪ್ಪಲಮ್ಮ ಟಾಕೀಸಿನ ಒಡೆಯರೂ, ಭಾನುವಾರದ ಮಾರ್ನಿಂಗ್ ಶೋಗಳ ಮೂಲಕ ನಮ್ಮ ಭಾಗದ ಗಂಡಸರಿಗೆ ವಿಶ್ವದರ್ಶನ ಮಾಡಿಸುತ್ತಿರುವ ಮಹನೀಯರೂ ಆದ ಮಾನ್ಯ ಪಿಳ್ಳಣ್ಣನವರ ಸನ್ನಿಧಾನಕ್ಕೆ, ಯಶವಂತಪುರದ ಕಾರ್ಖಾನೆಯೊಂದರ ಗುಮಾಸ್ತನೂ ಕೋಗಿಲಿನ ಬಾಡಿಗೆದಾರನೂ ಆದ ವೀರಬಸಪ್ಪನು ಎಲ್ಲರೂ ಓದಲೆಂದೇ ಬರೆದ ಪತ್ರ.

ಮಾನ್ಯರೇ, ಧಾರವಾಡದಲ್ಲಿ ಓದುತ್ತಿದ್ದಾಗ ಕಾಲೇಜಿನ ಸಭಾಂಗಣದಲ್ಲಿ ಇಟಲಿ, ಫ್ರಾನ್ಸುಗಳ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ ನನಗೆ ಹತ್ತಿದ ಹುಚ್ಚು ಈ ಎಪ್ಪತ್ತೊಂಬತ್ತನೆಯ ಇಸವಿಯಲ್ಲೂ ಇಳಿದಿಲ್ಲ. ಆ ಜನ ಕೋಟಿನ ಕಾಲರ್ ಎತ್ತಿಕೊಂಡು ನಡೆಯುವ ಠೀವಿ, ಸಂಜೆಯಲ್ಲೂ ಕಪ್ಪು ಕನ್ನಡಕ ತೆಗೆಯದ ಅವರ ಬಿಂಕ, ಮಾತಿಲ್ಲದೆ ಕಿಟಕಿಯ ಬಳಿ ನಿಲ್ಲುವ ಆ ಹೆಂಗಸರು, ಇವೆಲ್ಲವನ್ನೂ ಮದುವೆಯಾದಂದಿನಿಂದ ನನ್ನ ಪತ್ನಿ ಚನ್ನಕ್ಕನಿಗೆ ವರ್ಣಿಸುತ್ತಲೇ ಬಂದಿದ್ದೇನೆ. ಆಕೆಯೋ, "ಬಿಳಿ ಮಂದಿ ಗ್ವಾಡಿಗೆ ಆತು ನಿಂತದ್ದನ್ನ ನೋಡಾಕ ರೊಕ್ಕ ಯಾಕ ಕೊಡಬೇಕ್ರಿ?" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಿದ್ದಳು.

ಅಂಥವಳು ತಮ್ಮ ಟಾಕೀಸಿಗೆ ಇಟಲಿಯ ಕಪ್ಪು-ಬಿಳುಪು ಚಿತ್ರವೊಂದು ಬಂದಿದೆಯೆಂದಾಗ ನನ್ನ ಕಾಟ ತಾಳಲಾರದೆ ಹೊರಟಳು. ಬಾಗಿಲಲ್ಲಿ ತಮ್ಮ ಪೋಸ್ಟರಿನ ದರ್ಶನವಾಯಿತು. ಚಿತ್ರದುದ್ದಕ್ಕೂ ಕೊರಳವರೆಗೆ ಕೋಟಿನ ಗುಂಡಿ ಹಾಕಿಕೊಂಡಿರುವ ಆ ನಾಯಕಿಯ ಮೈಮೇಲಿಂದ ತಮ್ಮ ಪೇಂಟರು ಕೋಟನ್ನಷ್ಟೇ ಅಲ್ಲ, ಇನ್ನೂ ಏನೇನನ್ನೋ ಕಳಚಿ, 'ರೋಮಿನ ಬಿಸಿ ರಾಣಿ' ಎಂದು ನಾಮಕರಣವನ್ನೂ ಮಾಡಿದ್ದರು. ನಿರ್ದೇಶಕನಿಗೆ ಹೊಳೆಯದ್ದು ತಮಗೆ ಹೊಳೆಯಿತು. ತಮ್ಮ ಪ್ರತಿಭೆಗೆ ಯುರೋಪು ತಲೆಬಾಗಬೇಕು.

"ಇದೇನ್ರಿ ನಿಮ್ಮ ಕಲಾ?" ಎಂದು ಚನ್ನಕ್ಕ ಕೇಳಿದಳು. ಕೈಕಾಲು ಹಿಡಿಯುವುದೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿ ಒಳಗೆ ಕರೆದೊಯ್ದೆ. ತುಂಬಿದ ಟಾಕೀಸಿನಲ್ಲಿ ಆಕೆಯೊಬ್ಬಳೇ ಹೆಂಗಸು.

ಕಡಲದಂಡೆಯ ಹೋಟೆಲಿನಲ್ಲಿ ಗಂಡನೊಡನೆ ತಂಗಿದ್ದ ನಾಯಕಿ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕೈಚೀಲ ಹಿಡಿದು ಹೊರಟು, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಾಳೆ. ತಮ್ಮ ಅಭಿಮಾನಿಗಳು "ಲೇ, ಬಿಟ್ ಹಾಕ್ರೋ!" ಎಂದು ಬೊಬ್ಬೆಯಿಡುತ್ತಿದ್ದರು. ನಾನು ಆಕೆಯ ಕೈಗವಸನ್ನು ಮೆಚ್ಚಿಕೊಳ್ಳುತ್ತಿದ್ದೆ. ಚನ್ನಕ್ಕ ಮಾತ್ರ ಮುಂದಿನ ಸೀಟು ಹಿಡಿದು ಬಗ್ಗಿ ಕೂತಿದ್ದವಳು, "ಗಂಡ ಒಂದ್ ಸಲಾನೂ ಆಕೀನ್ನ ಏನಾಗೇತಿ ಅಂತ ಕೇಳ್ಲಿಲ್ಲ ನೋಡ್ರಿ" ಎಂದಳು. ಆ ಕ್ಷಣ ನನಗಾದ ಸಂತೋಷವನ್ನು ತಮ್ಮಂಥವರಿಗೆ ಬಿಡಿಸಿ ಹೇಳುವುದು ಹೇಗೆ?

ಅಷ್ಟರಲ್ಲಿ ರೈಲು ಬಂತು. ಬಾಗಿಲು ತೆರೆಯಿತು. ಅದರೊಳಗಿಂದ, ತಮ್ಮ ಅಪಾರ ಕೃಪೆಯಿಂದ, ಅಭಿಮಾನಿಗಳು ಬೇಡಿದ ಆ 'ಬಿಟ್' ಆಗಿ, ಬಣ್ಣಬಣ್ಣವಾಗಿ ಬೇರಾವುದೋ ಚಿತ್ರದ ಬೇರಾವುದೋ ಹೆಣ್ಣು ಮೈಗೆ ಸೋಪು ಹಚ್ಚಿಕೊಳ್ಳುತ್ತ ಪ್ರತ್ಯಕ್ಷಳಾದಳು! ಶಿಳ್ಳೆಗಳ ಭೋರ್ಗರೆತ ಮುಗಿಯುವ ಮೊದಲೇ ದೀಪ ಹತ್ತಿ ಆಟ ಮುಗಿದುಹೋಯಿತು.

ನಾನು ತಲೆ ತಗ್ಗಿಸಿ ಹೊರಡುತ್ತಿದ್ದೆ. ಚನ್ನಕ್ಕ ನೇರವಾಗಿ ತಮ್ಮ ಟಿಕೆಟ್ ಕೌಂಟರಿಗೆ ಹೋದದ್ದು ತಮಗೆ ನೆನಪಿರಬೇಕು.

"ಆ ಹೆಣ್ಣಮಗಳು ರೈಲು ಹತ್ತಿದಳೋ ಇಲ್ಲೋ? ಉಳಿದದ್ದು ತೋರಸ್ರಿ."

"ಅಷ್ಟೇ ಕಣಮ್ಮ ಪಿಚ್ಚರ್ರು. ಇವೆಲ್ಲ ಎಂಗಸ್ರು ನೋಡೋವಲ್ಲ, ಓಗಮ್ಮ ಮನೇಗೆ" ಎಂದು ತಾವು ಅಪ್ಪಣೆ ಕೊಡಿಸಿದಿರಿ.

"ಹೆಂಗಸರು ನೋಡೂದಲ್ಲ ಅಂದಮ್ಯಾಲ ಹೆಂಗಸಿನ ಚಿತ್ರಾ ಯಾಕ ಬರಸೀರಿ ಗ್ವಾಡಿ ಮ್ಯಾಲ?" ಎಂದು ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ಪ್ರಶ್ನೆಗೆ ಉತ್ತರವಾಗಿ ತಾವು ಕೌಂಟರಿನ ಕಿಂಡಿ ಮುಚ್ಚಿದ ಚಾಕಚಕ್ಯತೆಯನ್ನು ಎಷ್ಟು ಹೊಗಳಿದರೂ ಸಾಲದು. ಸಾಕಷ್ಟು ಹೊತ್ತು ಕೂತಿದ್ದು, ಮ್ಯಾಟಿನಿಯ ಜನ ಬಂದು ನಿಂತು ನೋಡತೊಡಗಿದ ಮೇಲೆ, ಆಕೆ ಎದ್ದು ಬಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಬುಧವಾರ ತಮ್ಮ ಆಟೋ ಮೈಕು ಕಟ್ಟಿಕೊಂಡು ಕೋಗಿಲಿಗೆ ಬಂದು, ನಮ್ಮ ಮನೆಯೆದುರೇ ನಿಂತು, "ಹೆಂಗಸರೂ ಧರಣಿ ಕೂತು ನೋಡಲು ಹಂಬಲಿಸಿದ ಬಿಸಿಬಿಸಿ ಇಟಲಿ ಚಿತ್ರ, ಎರಡನೇ ವಾರ!" ಎಂದು ಸಾರಿತು. ಒಬ್ಬ ಗೃಹಿಣಿಯ ಮಾನವನ್ನು ಹೀಗೆ ಧ್ವನಿವರ್ಧಕದಲ್ಲಿ ಎತ್ತಿಹಿಡಿದ ತಮಗೆ ಯಾವ ಪ್ರಶಸ್ತಿ ಕೊಟ್ಟರೂ ಕಡಿಮೆಯೇ. ನಾನು ನಾಚಿಕೆಯಿಂದ ಒಳಗಿನ ಕೋಣೆ ಸೇರಿದೆ. ಚನ್ನಕ್ಕ ಹೊಸ್ತಿಲಲ್ಲೇ ನಿಂತು ಪೂರ್ತಿ ಕೇಳಿದಳು. ಎದುರುಮನೆಯ ಮುನಿಗಂಗಮ್ಮ ಬಂದು, "ಅದ್ಯಾರವ್ವ ಧರಣಿ ಕೂತಿದ್ದು?" ಎಂದಾಗ, "ನಾನಽ. ಅರ್ಧಾ ತೋರಿಸಿ ಕಳಿಸ್ಯಾರ" ಎಂದು, ಸ್ಟೇಷನ್ನಿನ ಬೆಂಚಿನವರೆಗಿನ ಕಥೆಯನ್ನು ಒಪ್ಪವಾಗಿ ಹೇಳಿದಳು.

"ಅಯ್ಯೋ, ಆಮೇಲೇನಾದ್ಲಂತೆ?"

"ಅದಽ ಗೊತ್ತಿಲ್ಲ."

"ಇಂಗೆ ಬಿಟ್ರೆ ಎಂಗೆ? ನಡಿ, ಓಗ್ ನೋಡ್ಕೊಂಡೇ ಬರಾನ."

ಆ ಭಾನುವಾರ ನಮ್ಮ ಬೀದಿಯ ಅರ್ಧ ಹೆಂಗಸರು ತಮ್ಮ ಟಾಕೀಸಿನ ಬಾಗಿಲಲ್ಲಿ ನಿಂತಿದ್ದನ್ನು ನಾನು ಕಣ್ಣಾರೆ ಕಂಡೆ. ಬಿಸಿ ರಾಣಿಗಾಗಿ ಬಂದ ಗಂಡಸರು ಸಾಲಿನಲ್ಲಿ ತಂತಮ್ಮ ಅತ್ತೆಯನ್ನೋ ದೊಡ್ಡಮ್ಮನನ್ನೋ ಕಂಡು, ಬಸ್ ಸ್ಟ್ಯಾಂಡಿನ ಕಡೆ ತುರ್ತು ಕೆಲಸ ನೆನಪಾದವರಂತೆ ತಿರುಗಿದ್ದನ್ನೂ ಕಂಡೆ. ತಮ್ಮ ಪ್ರೊಜೆಕ್ಟರಿನ ಖುದ್ದೂಸ್ ಸಾಹೇಬರು ಕಿಂಡಿಯಿಂದ ಒಮ್ಮೆ ಇಣುಕಿ, ಸೋಪಿನ ರೀಲನ್ನು ಮುಟ್ಟುವ ಧೈರ್ಯ ಮಾಡದೆ, ಇಡೀ ಚಿತ್ರವನ್ನು ತೋರಿಸಿದರು.

ಆಕೆ ರೈಲು ಹತ್ತುತ್ತಾಳೆ, ಮಾನ್ಯರೇ. ಕಿಟಕಿಯ ಬಳಿ ಕೂತು, ಊರು ಹಿಂದೆ ಸರಿದ ಮೇಲೆ ಮೊದಲ ಸಲ ನಗುತ್ತಾಳೆ. ಮುನಿಗಂಗಮ್ಮ ಮೂಗು ಒರೆಸಿಕೊಂಡರು. ಚನ್ನಕ್ಕ ದೀಪ ಹತ್ತಿದರೂ ಏಳಲಿಲ್ಲ. ಆಮೇಲೆ ನನ್ನತ್ತ ತಿರುಗಿ, "ಇಂಥಾವು ಇನ್ನೂ ಅದಾವೇನ್ರಿ?" ಎಂದು ಕೇಳಿದಳು.

ಹೀಗಿರುವಾಗ ಸೋಮವಾರವೇ ತಾವು "ಕಲೆಕ್ಷನ್ ಇಲ್ಲ" ಎಂದು ಡಬ್ಬಿಗಳನ್ನು ಹಿಂದಕ್ಕೆ ಕಳಿಸಿದ್ದು ಯಾವ ನ್ಯಾಯ? ಆದಕಾರಣ ಆ ಚಿತ್ರವನ್ನು ಮರಳಿ ತರಿಸಿ, ನಾಯಕಿಗೆ ಪೇಂಟರಿಂದ ಕೋಟು ವಾಪಸು ಕೊಡಿಸಿ, ಪ್ರತಿ ಆಟಕ್ಕೂ ಮೊದಲು ತಾವೇ ಪರದೆಯೆದುರು ನಿಂತು ಇಟಲಿಯ ಭಾಷೆಯಲ್ಲಿ ಕ್ಷಮೆ ಕೋರಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ಕಲಾಸೇವೆಯಿಂದ ಇನ್ನೂ ಚೇತರಿಸಿಕೊಳ್ಳದ,
ತಮ್ಮ ವಿಶ್ವಾಸಿ,
ವೀರಬಸಪ್ಪ, ಕೋಗಿಲು

ವಿ.ಸೂ.: ಬರುವ ಭಾನುವಾರಕ್ಕೆ ತಾವು ಅಂಟಿಸಿರುವ ಫ್ರೆಂಚ್ ಚಿತ್ರದ ಪೋಸ್ಟರನ್ನು ನಮ್ಮ ಬೀದಿಯ ಹೆಂಗಸರು ನೋಡಿದ್ದಾರೆ. ಅಂದು ಮುದ್ದೆಗೆ ಬೇಗನೆ ಎಸರಿಡುವುದೆಂದು ತೀರ್ಮಾನವಾಗಿದೆ. ಮುಂದಿನ ಸಾಲನ್ನು ಅವರಿಗೆಂದು ಖಾಲಿ ಇಡಿ.