ಮೀಸೆ ಪಣಕ್ಕಿಟ್ಟು ಉಂಡ ಜಪಾನಿ ಊಟ

ನಾನು ಯಾರ ತಂಟೆಗೂ ಹೋಗುವವನಲ್ಲ. ತಂಟೆಯೇ ನನ್ನ ಮನೆ ಎಲ್ಲಿ ಅಂತ ಕೇಳಿಕೊಂಡು ಬರುತ್ತದೆ. ಊರಲ್ಲಿದ್ದಾಗ ಮಳವಳ್ಳಿ ಬಸ್ಸಿನಲ್ಲಿ ಬರುತ್ತಿತ್ತು, ಈಗ ನ್ಯೂಯಾರ್ಕ್ ರೈಲಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಅದರಲ್ಲೂ ಹೋದ ತಿಂಗಳ ಆ ಭಾನುವಾರ ಇದೆಯಲ್ಲ, ಅವತ್ತು ಬೆಳಗ್ಗೆಯಿಂದ ಸಾಲಾಗಿ ಬಂದವು.

೧. ಪಂಥ

ನ್ಯೂಯಾರ್ಕಿನ ಹತ್ತಿರದ ಎಡಿಸನ್ ಅನ್ನುವ ಊರಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರು: ನಾನು, ಧಾರವಾಡದವನೊಬ್ಬ, ಮಂಗಳೂರಿನವನೊಬ್ಬ. ಅವರಿಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತು ಕೂತು ಗೂನು ಬಂದವರು. ನಾನು ಪಕ್ಕದ ಕ್ರ್ಯಾನ್‌ಬರಿ ಊರಿನ ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್. ಈ ತುದಿಯಲ್ಲಿ ನಿಂತು ಒಂದು ಕೂಗು ಹಾಕಿದರೆ ಆ ತುದಿಯ ಫೋರ್ಕ್‌ಲಿಫ್ಟ್ ನಿಲ್ಲುತ್ತದೆ. ಮೂವರಲ್ಲಿ ಮೀಸೆ ಅನ್ನುವಂಥ ಮೀಸೆ ಇರುವುದೂ ನನಗೊಬ್ಬನಿಗೇ. ನಮ್ಮ ತಾತನ ಮೀಸೆ ಅದು. ತುದಿಯಲ್ಲಿ ನಿಂಬೆಹಣ್ಣು ನಿಲ್ಲಿಸಬಹುದು. ನಿಲ್ಲಿಸಿ ತೋರಿಸಿದ್ದೇನೆ.

ಶನಿವಾರ ಸಂಜೆ ಧಾರವಾಡದವನು ಫೋನಿನಲ್ಲಿ ಏನೋ ಓದುತ್ತಿದ್ದ. ಯಾರೋ ಒಬ್ಬಳು ಜಪಾನಿನಲ್ಲಿ ಒಂದಿಡೀ ದಿನ ಒಬ್ಬಳೇ ತಿರುಗಾಡಿದ್ದಳಂತೆ. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ತೋಟ, ಸಂಜೆ ಜಪಾನಿ ಊಟ. ಜೊತೆಗೆ ನರಪಿಳ್ಳೆ ಇಲ್ಲ.

"ಅದೇನು ದೊಡ್ಡ ಸಾಹಸ? ನಾನೂ ಹೋಗ್ತೀನಿ" ಅಂದೆ.

"ನೀನಾ?" ಅಂದ ಅವನು. "ಲೇ ತಮ್ಮಾ, ಬಚ್ಚಲಕ್ಕ ಹೋದ್ರೂ ಬಾಗ್ಲಾ ಹಾಕ್ಕೊಂಡು ಒಳಗಿಂದ ನಮ್ ಜೋಡಿ ಮಾತಾಡ್ತಿ ನೀ. ನಿನ್ ಕೈಲಿ ಒಬ್ನ ಇರೂದು ಆಗೂದಿಲ್ಲ."

ಈ ಮಾತು ಕೇಳಿ ಸುಮ್ಮನೆ ಕೂರಲು ನಾನೇನು ಸೋರೆಕಾಯಿಯೇ? "ನಾಳೆ ನೋಡ್ತಿರು. ಎರಡು ದೇವಸ್ಥಾನ, ಒಂದು ತೋಟ, ಜಪಾನಿ ಊಟ. ಒಬ್ಬನೇ ಹೋಗಿ, ಒಬ್ಬನೇ ಉಂಡು ಬರದಿದ್ರೆ ಈ ಮೀಸೆ ಬೋಳಿಸ್ತೀನಿ!"

ಮಂಗಳೂರಿನವನು ಒಳ್ಳೆಯವನು, ಗಾಬರಿಯಾದ. "ಬೇಡ ಮಾರಾಯ, ಮೀಸೆ ತೆಗೆದರೆ ನಿನ್ನಲ್ಲಿ ಮತ್ತೆ ಎಂಥ ಉಂಟು?"

ಹೋದ ಕಡೆಯೆಲ್ಲ ಒಬ್ಬನೇ ನಿಂತ ಫೋಟೋ ಕಳಿಸಬೇಕು ಅಂತ ಧಾರವಾಡದವನು ಕರಾರು ಹಾಕಿದ. ಒಪ್ಪಿ ಮಲಗಿದೆ. ಬೆಳಗ್ಗೆ ಎದ್ದು ನೋಡುತ್ತೇನೆ, ಬಚ್ಚಲಿನ ಕನ್ನಡಿಯ ಮುಂದೆ ಹೊಸ ರೇಜರ್ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದಾನೆ!

೨. ಸಾಂಬಾರ್ ಬಕೆಟ್

ಮೊದಲನೇ ದೇವಸ್ಥಾನದಲ್ಲಿ ನನ್ನಷ್ಟು ಶಿಸ್ತಿನ ಮನುಷ್ಯ ಇನ್ನೊಬ್ಬ ಇರಲಿಲ್ಲ. ಯಾರನ್ನೂ ಮಾತಾಡಿಸಲಿಲ್ಲ. ಕೈ ಮುಗಿದೆ, ತೀರ್ಥ ತಗೊಂಡೆ, ಪ್ರಸಾದಕ್ಕೆ ಅಂತ ಕೆಳಗಿನ ಹಾಲ್‌ಗೆ ಇಳಿದೆ. ಅಲ್ಲಿ ನನ್ನ ತಾಳ್ಮೆ ತಪ್ಪಿತು.

ಏನಂದರೆ, ಬಡಿಸುತ್ತಿದ್ದವರು ಡಾಕ್ಟರುಗಳು, ಪ್ರೊಫೆಸರುಗಳು. ಒಬ್ಬೊಬ್ಬರೂ ಸಾಂಬಾರನ್ನು ಆಸ್ಪತ್ರೆಯಲ್ಲಿ ಔಷಧಿ ಹಾಕಿದ ಹಾಗೆ ಹಾಕುತ್ತಿದ್ದಾರೆ. ಅನ್ನ ಆರಿ ಹೋಗಿದೆ, ಸಾಂಬಾರ್ ಇನ್ನೂ ಮೂರನೇ ತಟ್ಟೆಯಲ್ಲಿದೆ. ನಮ್ಮೂರ ಮದುವೆಯಲ್ಲಿ ಹೀಗೆ ಬಡಿಸಿದ್ದರೆ ಬೀಗರು ಹೆಣ್ಣನ್ನು ಬಿಟ್ಟು ಎದ್ದು ಹೋಗುತ್ತಿದ್ದರು. ಆ ಸಾಲಿನ ಕೊನೆಯಲ್ಲಿ ತಟ್ಟೆ ಹಿಡಿದು ಕಾಯುತ್ತಿದ್ದ ಅಜ್ಜಿಯ ಮುಖ ನೋಡಿದೆ. ಅಷ್ಟೇ. ಪ್ಯಾಂಟು ಮಡಿಚಿದೆ, ಬಕೆಟ್ ಕಿತ್ತುಕೊಂಡೆ. "ಸಾರು ಸಾರು ಸಾರು!" ಅಂತ ನಾನು ಹೊರಟರೆ ಡಾಕ್ಟರುಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ಎರಡು ಪಂಕ್ತಿ ಮುಗಿದ ಮೇಲೆ ಪಂಥ ನೆನಪಾಯಿತು. ಹಾಲ್‌ನಲ್ಲಿ ಒಬ್ಬನೇ ನಿಲ್ಲುವ ಜಾಗವೇ ಇಲ್ಲ. ಸಿಕ್ಕ ಫೋಟೋ ಕಳಿಸಿದೆ. ನಡುವೆ ನಾನು, ಕೈಯಲ್ಲಿ ಸೌಟು, ಸುತ್ತ ಜಾತ್ರೆ.

ತಕ್ಷಣ ಧಾರವಾಡದವನ ಫೋನ್. "ರೇಜರ್‌ಗೆ ಹೂವಾ ಏರಿಸ್ಲೇನು?"

ಹಿಂದಿನಿಂದ ಮಂಗಳೂರಿನವನು, "ದೇವಸ್ಥಾನದ್ದು ಬಿಡುವ ಮಾರಾಯ, ಅದು ದೇವರ ಲೆಕ್ಕ" ಅಂದ.

ಧಾರವಾಡದವನು, "ಆಗ್ಲಿ. ಫೋಟೋ ಗೀಟೋ ಎಲ್ಲಾ ಮಾಫ್. ಸಂಜೀ ಊಟ ಒಂದು ಒಬ್ನ ಮಾಡು, ಮೀಸಿ ನಿಂದು" ಅಂದ.

ಊಟ ತಾನೇ? ಅದಕ್ಕೇನಂತೆ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ.

೩. ತೆಂಗಿನಕಾಯಿ

ಎರಡನೇ ದೇವಸ್ಥಾನ ಚಿಕ್ಕದು. ಒಳಗೆ ಕಾಯಿ ಒಡೆಯುವ ಹಾಗಿಲ್ಲ, ಹೊರಗೆ ಪಾರ್ಕಿಂಗ್ ಪಕ್ಕದಲ್ಲಿ ಒಂದು ಕಲ್ಲು ಹಾಕಿದ್ದಾರೆ. ನನ್ನ ಮುಂದಿದ್ದವನು ಕಾಯಿಯನ್ನು ಮೊಟ್ಟೆ ಕುಟ್ಟಿದ ಹಾಗೆ ಕುಟ್ಟುತ್ತಿದ್ದ. "ಪಕ್ಕಕ್ಕೆ ಸರೀರಿ" ಅಂದು ನನ್ನ ಕಾಯಿ ಎತ್ತಿದೆ. ನಮ್ಮ ಮನೆತನದಲ್ಲಿ ಕಾಯಿಗೆ ಎರಡನೇ ಏಟು ಹಾಕಿದವರಿಲ್ಲ.

ನಾನೂ ಹಾಕಲಿಲ್ಲ. ಮೊದಲನೇ ಏಟಿಗೇ ಕಾಯಿ ಕಲ್ಲಿನಿಂದ ಚಿಮ್ಮಿ, ಚೂರೂ ಬಿರುಕು ಬಿಡದೆ, ಉರುಳುರುಳಿ ಒಂದು ಕಾರಿನ ಕೆಳಗೆ ಹೋಯಿತು. ಅಮೆರಿಕದ ತೆಂಗಿನಕಾಯಿ, ಇನ್ನೇನು ಹೇಳಲಿ.

ದೇವರಿಗೆ ಎತ್ತಿದ ಕಾಯಿ ಬಿಟ್ಟು ಬರುವುದುಂಟೇ? ಕಾರಿನ ಕೆಳಗೆ ಅಂಗಾತ ಜಾರಿದೆ. ಹೊರಗೆ ನನ್ನ ಕಾಲು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಎರಡು ಜೊತೆ ಕಾಲು ಬಂದು ನಿಂತವು. ಒಂದು ಪಂಚೆ, ಒಂದು ರೇಷ್ಮೆ ಸೀರೆ.

"ನೋಡೇ, ದೇವಸ್ಥಾನದಲ್ಲಿ ಈಗ ಮೆಕ್ಯಾನಿಕ್ ಸರ್ವಿಸ್ ಕೂಡ ಇದೆ" ಅಂತ ಮೈಸೂರಿನ ಇಂಪಾದ ದನಿ. "ಏನಪ್ಪ, ಅದಾದ್ಮೇಲೆ ನಮ್ಮ ಕಾರೂ ಸ್ವಲ್ಪ ನೋಡ್ತೀಯಾ? ಬ್ರೇಕ್ ಹಾಕಿದ್ರೆ ಕೀಚ್ ಅನ್ನುತ್ತೆ."

ನಾನು ಎದ್ದು ಬಂದೆ, ಕೈಯಲ್ಲಿ ತೆಂಗಿನಕಾಯಿ. ಅಂಕಲ್ ಅದನ್ನೇ ನೋಡಿ, "ಓಹೋ, ಇದೇ ಸಿಕ್ಕಿಹಾಕಿಕೊಂಡಿತ್ತೋ!" ಅಂದರು.

ತಪ್ಪು ತಿದ್ದುವ ಬದಲು ಅವರ ಕಾರನ್ನೂ ನೋಡಿಬಿಟ್ಟೆ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ ಕೈ ಇದು. "ಬ್ರೇಕ್ ಪ್ಯಾಡ್ ಸವೆದಿದೆ ಅಂಕಲ್, ಈ ವಾರವೇ ಹಾಕಿಸಿ" ಅಂದೆ. ಆಂಟಿಗೆ ಖುಷಿಯೋ ಖುಷಿ. "ಮನೆಗೆ ಬಾಪ್ಪ, ತಿಂಡಿ ತಿಂದ್ಕೊಂಡು ಹೋಗುವಿಯಂತೆ."

"ಇಲ್ಲ ಆಂಟಿ, ಇವತ್ತು ನಾನು ಒಂಟಿ ಪ್ರವಾಸಿ. ಸಂಜೆ ಸ್ಟೇಷನ್ ಹತ್ತಿರ ಆ ಜಪಾನಿ ಹೋಟೆಲಲ್ಲಿ ಊಟ" ಅಂದೆ. ಆಮೇಲೆ ನನ್ನ ಬಾಯಿ, ನನ್ನನ್ನು ಕೇಳದೆ, ಇಷ್ಟು ಸೇರಿಸಿತು: "ಬನ್ನಿ ನೀವೂ, ಊಟ ಮಾಡೋಣ."

ಇದು ನಮ್ಮ ಕಡೆಯ ಪದ್ಧತಿ. ಊಟದ ಮಾತು ಬಂದಾಗ ಎದುರಿಗೆ ಯಾರೇ ಇರಲಿ, ಪರಿಚಯವಿರಲಿ ಬಿಡಲಿ, "ಬನ್ನಿ" ಅನ್ನಬೇಕು. ಅವರು "ಈಗ ತಾನೇ ಆಯ್ತು, ನೀವು ಮಾಡಿ" ಅನ್ನಬೇಕು. ಕರೆಯುವುದು ಧರ್ಮ, ಬರದೇ ಇರುವುದು ಮರ್ಯಾದೆ. ನಮ್ಮೂರು ಹುಟ್ಟಿದಾಗಿನಿಂದ ಯಾರೂ ಬಂದಿಲ್ಲ.

"ಆಗಲಪ್ಪ, ಆಗಲಿ" ಅಂತ ಅಂಕಲ್ ನಕ್ಕರು. ಕಾಯಿ ಒಡೆದೆ. ಎರಡನೇ ಏಟಿಗೆ. ದಯವಿಟ್ಟು ಊರಿಗೆ ತಿಳಿಸಬೇಡಿ.

೪. ಮೌನದ ತೋಟ

ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಸಬ್‌ವೇ ಹಿಡಿದು ಒಂದು ಜಪಾನಿ ತೋಟಕ್ಕೆ ಹೋದೆ. ಕೊಳ, ಕೆಂಪು ಮರದ ಸೇತುವೆ, ಬಗ್ಗಿಸಿ ಬೆಳೆಸಿದ ಮರ. ಕೊಳದ ತುಂಬ ಬಣ್ಣಬಣ್ಣದ ಮೀನು, ಒಂದೊಂದೂ ಮೊಣಕೈ ಉದ್ದ. ಅಂಥ ಮೀನನ್ನು ಇಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುವುದಕ್ಕೆ ನಿಜವಾಗಿಯೂ ದೊಡ್ಡ ಮನಸ್ಸು ಬೇಕು. ನಮ್ಮೂರ ಕೆರೆಯಲ್ಲಿ ಇದ್ದಿದ್ದರೆ ಬೆಳಗಾಗುವುದರೊಳಗೆ ಸಾರಾಗಿರುತ್ತಿದ್ದವು.

ಒಂದು ಮೂಲೆಯಲ್ಲಿ ಬರೀ ಜಲ್ಲಿ ಹರಡಿ, ಅದರ ಮೇಲೆ ಕುಂಟೆ ಎಳೆದ ಹಾಗೆ ಸಾಲು ಮಾಡಿದ್ದರು. ಬೆಳೆ ಇಲ್ಲ, ಏನೂ ಇಲ್ಲ, ಬರೀ ಸಾಲು. ನಿಜ ಹೇಳುತ್ತೇನೆ, ಸಾಲು ನೆಟ್ಟಗಿತ್ತು. ಆದರೆ ನಮ್ಮಪ್ಪ ಹೊಡೆದ ಸಾಲಿನಷ್ಟು ಅಲ್ಲ.

ಅಲ್ಲಿನ ಬೆಂಚಿನ ಮೇಲೆ ಒಬ್ಬಳು ಬಿಳಿ ಕೂದಲಿನ ಅಮೆರಿಕದ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ನಾನೂ ಆ ತುದಿಯಲ್ಲಿ ಕೂತೆ. ಆಕೆ ಕಣ್ಣು ಬಿಟ್ಟು, ಮೆಲ್ಲಗೆ, "ಒಬ್ಬರೇ ಇರುವುದರಲ್ಲಿ ಎಷ್ಟು ನೆಮ್ಮದಿ, ಅಲ್ಲವೇ?" ಅಂದಳು.

ನನ್ನ ಮನಸ್ಸಿನಲ್ಲಿದ್ದ ಮಾತೇ ಆಡಿದಳು! ಎಷ್ಟು ಸಂತೋಷವಾಯಿತು ಅಂದರೆ, ಒಂಟಿಯಾಗಿರುವುದರ ಲಾಭಗಳನ್ನು ವಿವರಿಸತೊಡಗಿದೆ. ಪಂಥದ ಕತೆ ಹೇಳಿದೆ, ಬಕೆಟ್ಟಿನ ಕತೆ ಹೇಳಿದೆ, ತಾತನ ಮೀಸೆಯ ಕತೆ ಹೇಳಿದೆ, ಅಪ್ಪನ ಸಾಲಿಗೆ ಬಂದೆ. ಜನರ ಗಲಾಟೆಯಿಂದ ದೂರ ಇದ್ದರೆ ಮಾತ್ರ ಮನುಷ್ಯನಿಗೆ ತನ್ನ ಬೆಲೆ ಗೊತ್ತಾಗುವುದು ಅಂತ ಹೇಳಿ ಪಕ್ಕಕ್ಕೆ ತಿರುಗಿದೆ.

ಅಜ್ಜಿ ಕೊಳದ ಆಚೆ ದಡದ ಬೆಂಚಿಗೆ ಹೋಗಿ ಕಣ್ಣು ಮುಚ್ಚಿ ಕೂತಿದ್ದಳು. ಒಬ್ಬನೇ ಕೂತ ಫೋಟೋ ಆಗ ಸಿಕ್ಕಿತು.

೫. ಊಟ

ಸಂಜೆ ಎಡಿಸನ್ನಿಗೆ ವಾಪಸ್ ಬಂದು ಹೋಟೆಲಿಗೆ ನುಗ್ಗಿದೆ. "ಎಷ್ಟು ಜನ?" ಅಂದಳು ಬಾಗಿಲಲ್ಲಿ ನಿಂತಿದ್ದ ಹುಡುಗಿ. "ಒಬ್ಬನೇ!" ಅಂದೆ. ಇಡೀ ಹೋಟೆಲು ತಿರುಗಿ ನೋಡಿತು. ನೋಡಲಿ.

ಅಡುಗೆಯವನ ಎದುರಿಗೇ ಉದ್ದನೆಯ ಕಟ್ಟೆ, ಅದರ ಮುಂದೆ ನನ್ನ ಕುರ್ಚಿ. ಚಾಪ್‌ಸ್ಟಿಕ್ ಹಿಡಿಯುವುದನ್ನು ರಾತ್ರಿಯೇ ಕಡಲೆಬೀಜದ ಮೇಲೆ ಅಭ್ಯಾಸ ಮಾಡಿದ್ದೆ. ಬೇಕಾಗಲೇ ಇಲ್ಲ. ಸುಶಿಯನ್ನು, ಅಂದರೆ ಮೇಲೆ ಹಸಿ ಮೀನಿಟ್ಟ ಅನ್ನದ ಉಂಡೆಯನ್ನು, ಕೈಯಲ್ಲಿ ಎತ್ತಿ ಒಂದೇ ತುತ್ತಿಗೆ ತಿನ್ನುವುದೇ ಸರಿ ಅಂತ ಅಡುಗೆಯವನೇ ತೋರಿಸಿದ. ಮುದ್ದೆ ನುಂಗಿ ಬೆಳೆದವನಿಗೆ ಒಂದೇ ತುತ್ತು ಕಲಿಸುವುದು ಬೇಕೇ? ಜಪಾನಿನವರು ನಮ್ಮ ದಾಯಾದಿಗಳೇ ಅನ್ನಿಸಿತು.

ದೊಡ್ಡ ತಟ್ಟೆ ಬಂತು. ಒಂದು ತುಂಡು ಎತ್ತಿದೆ, ಬಾಯಿಯ ಹತ್ತಿರ ತಂದೆ. ಆದರೆ ಪಕ್ಕದಲ್ಲಿ ಒಬ್ಬ ಹುಡುಗ ಬರೀ ಟೀ ಇಟ್ಟುಕೊಂಡು ಕೂತಿದ್ದಾನೆ, ಹೇಗೆ ನುಂಗಲಿ? "ಬಾಪ್ಪ, ತಗೋ" ಅಂತ ಇಂಗ್ಲಿಷಿನಲ್ಲಿ ಅಂದೆ. ಅವನು ಕೈಯಾಡಿಸಿ, "ನೋ ಥ್ಯಾಂಕ್ಸ್, ನೀವು ಮಾಡಿ" ಅಂದ. ಆಹಾ! ಎಂಥ ಸಂಸ್ಕಾರ! ಯಾರ ಮಗನೋ. ಇನ್ನು ಮೀಸೆಗೆ ಭಯವಿಲ್ಲ ಅಂತ ಬಾಯಿ ತೆರೆದೆ.

ಬಾಗಿಲೂ ತೆರೆಯಿತು.

"ನೋಡೇ, ಇಲ್ಲೇ ಇದಾನೆ!" ಮೈಸೂರಿನ ದನಿ. ಅಂಕಲ್, ಆಂಟಿ, ಆಂಟಿಯ ತಂಗಿ, ತಂಗಿಯ ಗಂಡ. "ಅಷ್ಟು ಪ್ರೀತಿಯಿಂದ ಕರೆದ್ಯಲ್ಲಪ್ಪ, ಬರದಿದ್ರೆ ಬೇಜಾರಾಗ್ತೀಯಾ ಅಂತ ಬಂದ್ವಿ."

ಒಂದು ಕಡೆ ತಾತನ ಮೀಸೆ, ಇನ್ನೊಂದು ಕಡೆ ಕರೆದಿದ್ದಕ್ಕೆ ಬಂದ ನೆಂಟರು. "ಇವರು ಯಾರೋ ಗೊತ್ತಿಲ್ಲ" ಅಂದಿದ್ದರೆ ಮೀಸೆ ಉಳಿಯುತ್ತಿತ್ತು. ಆದರೆ ಅಂಥ ಮೀಸೆ ಇಟ್ಟುಕೊಂಡು ಏನು ಮಾಡುವುದು? ಎದ್ದು ನಿಂತೆ. "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆ!"

ದೊಡ್ಡ ಮೇಜಿಗೆ ಹೋದೆವು. ಆಂಟಿ ಒಂದೊಂದು ಬಟ್ಟಲನ್ನೂ ಮೂಸಿ, "ಇದ್ರಲ್ಲಿ ಮೀನಿಲ್ಲ ತಾನೇ?" ಅಂತ ಕೇಳಿದರು. ಸೂಪಿನಲ್ಲೂ ಇದೆ ಅಂತ ಗೊತ್ತಾದಾಗ ಸೌತೆಕಾಯಿ ಇಟ್ಟು ಸುತ್ತಿದ ಅನ್ನ ತರಿಸಿದರು. ಅವರಿಗೆ ಅದು ಹಾಕು, ಇವರಿಗೆ ಇದು ಬಡಿಸು ಅಂತ ನಾನು ಓಡಾಡುತ್ತಿದ್ದಾಗ, ನನ್ನ ತಟ್ಟೆಯ ಮೀನನ್ನು ತಂಗಿಯ ಗಂಡ ಗುಟ್ಟಾಗಿ ಮುಗಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ಕೊನೆಗೆ ಆಂಟಿ ಚೀಲದಿಂದ ದೇವಸ್ಥಾನದ ಪುಳಿಯೋಗರೆ ತೆಗೆದು ಅಡುಗೆಯವನಿಗೆ ಕೊಟ್ಟರು. ಅವನು ಎರಡೂ ಕೈಯಲ್ಲಿ ತಗೊಂಡು, ಬಗ್ಗಿ ನಮಸ್ಕಾರ ಮಾಡಿ, ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡ. ದಾಯಾದಿಯೇ, ಅನುಮಾನವಿಲ್ಲ.

ಫೋಟೋದಲ್ಲಿ ಅಡುಗೆಯವನೂ ಸೇರಿ ಎಲ್ಲರೂ ನಿಂತಿದ್ದರು. ಮುಚ್ಚಿಡುವುದು ನಮ್ಮ ವಂಶದಲ್ಲಿಲ್ಲ. ಕಳಿಸಿದೆ.

ಮನೆಗೆ ಬಂದಾಗ ಇಬ್ಬರೂ ಸೋಫಾದ ಮೇಲೆ ನ್ಯಾಯಾಧೀಶರ ಹಾಗೆ ಕೂತಿದ್ದರು. ಎಲ್ಲ ಹೇಳಿದೆ.

"ಹಂಗಾರ ನೀ ಏನ್ ಉಂಡಿ?" ಅಂದ ಧಾರವಾಡದವನು.

"ಏನೂ ಇಲ್ಲ."

ಮಂಗಳೂರಿನವನಿಗೆ ಇದೇ ಸಾಕಾಯಿತು. "ಊಟವೇ ಆಗ್ಲಿಲ್ಲವಲ್ಲ! ಊಟ ಆಗದೆ ಸೋಲುವುದು ಹೇಗೆ? ಪಂಥ ಇನ್ನೂ ಉಂಟು."

ಧಾರವಾಡದವನು ಅಡುಗೆಮನೆಯ ಕಡೆ ಬೆರಳು ತೋರಿಸಿದ. "ಆತು. ಅಡಗೀಮನ್ಯಾಗ ಮೊಸರನ್ನ ಐತಿ. ಒಬ್ನ ಕುಂತು ಉಂಡು ಬಾ. ಮೀಸಿ ನಿಂದು."

ಇದಕ್ಕಿಂತ ಸುಲಭದ ಗೆಲುವು ಉಂಟೇ? ಅಡುಗೆಮನೆಗೆ ಹೋದೆ. ಬಾಗಿಲು ಮುಂದೆ ಮಾಡಿದೆ. ಮಾತಾಡಿಸಲು ಒಂದು ಬೆಕ್ಕೂ ಇರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಉಪ್ಪಿನಕಾಯಿ ಹಾಕಿಕೊಂಡು, ಅನ್ನ ಕಲಸಿದೆ. ಎಡಗೈಯಲ್ಲಿ ಮೀಸೆ ತಿರುವಿದೆ, ಬಲಗೈಯಲ್ಲಿ ತುತ್ತು ಎತ್ತಿದೆ. ಬೆಳಗ್ಗೆಯಿಂದ ಹಸಿದ ಹೊಟ್ಟೆ. ತುತ್ತು ತುಟಿಯ ಹತ್ತಿರ ಬಂತು. ಬಾಯಿ ತೆರೆಯಿತು.

"ಬನ್ರೋ, ಊಟ ಮಾಡೋಣ!"

ಬಾಗಿಲು ತಳ್ಳಿಕೊಂಡು ಧಾರವಾಡದವನು ಬಂದ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ರೇಜರ್.