ಚಂದ್ರನ ಪಾಠ ಕದಿಯಲು ಹೋಗಿ

ನಮ್ಮ ಜಂಬಿಯಾನಿ ತೀರದಲ್ಲಿ ಚಂದ್ರನ ಬಗ್ಗೆ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಈ ಮಕಾಮೆಗೆ, ಅಂದರೆ ನನಗೆ ಮಾತ್ರ! ಅದನ್ನು ನನ್ನ ಹೆಂಡತಿಯ ಬಾಯಿಂದಲೇ ಹೇಳಿಸದಿದ್ದರೆ ದೋಣಿಯ ಹಾಯಿ ಬಿಚ್ಚಿ ಲುಂಗಿ ಹೊಲಿಸಿಕೊಳ್ಳುತ್ತೇನೆ ಎಂದು ಶಪಥ ಮಾಡಿದೆ.

ಸುಮ್ಮನೆ ಜಂಬವಲ್ಲ ಸ್ವಾಮಿ! ಊರಿಗೆಲ್ಲ ನಾನು ನಹೋದಾ, ದೋಣಿಯ ಒಡೆಯ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಎಲ್ಲರೂ ಕೇಳುವುದು ನನ್ನನ್ನೇ. ಚಂದ್ರನ ಕಡೆ ಒಮ್ಮೆ ಕತ್ತೆತ್ತಿ, ಗಡ್ಡ ಕೆರೆದು, "ನಾಳೆ ಚಹಾ ಹೊತ್ತಿಗೆ ನೀರು ಹೊರಡುತ್ತೆ" ಎಂದೆನೆಂದರೆ ಮುಗಿಯಿತು. ಸಮುದ್ರ ಹೊರಡಲೇಬೇಕು!

ಹೀಗಿರುವಾಗ ವಕ್ಕರಿಸಿದರು ಲುಗೆಂಡೊ ಮೇಷ್ಟ್ರು. ಊರು ಒಳನಾಡಿನ ದೊಡೊಮಾ. ಅಲ್ಲಿ ಸಮುದ್ರ ನೋಡಬೇಕೆಂದರೆ ಕ್ಯಾಲೆಂಡರಿನ ಚಿತ್ರವೇ ಗತಿ. ಅಂಥವರು ಕಡಲಪಾಚಿ ಬೆಳೆಯುವ ನಮ್ಮ ಹೆಂಗಸರಿಗೆ ಸಂಜೆ ಪಾಠ ಶುರು ಮಾಡಿದರು. ನನ್ನ ಹೆಂಡತಿ ಮೀಝೆ ಮೊದಲ ದಿನವೇ ಮುಖ ಅರಳಿಸಿಕೊಂಡು ಬಂದಳು. ಆ ಅರಳಿದ ಮುಖವನ್ನು ನಾನು ಹಿಂದೆ ಕಂಡಿದ್ದು ನಮ್ಮ ಮದುವೆಯಲ್ಲಿ.

"ಬಾಬಾ ಝುಹುರಾ," ಎಂದಳು. ಮಗಳು ಝುಹುರಾ ಹುಟ್ಟಿದ ಮೇಲೆ ನನಗೆ ಅದೇ ಹೆಸರು, ಝುಹುರಾಳ ಅಪ್ಪ ಎಂದು. "ಸಮುದ್ರ ಯಾಕೆ ಏರುತ್ತೆ ಗೊತ್ತಾ?"

"ಏರೋ ಹೊತ್ತಾಗುತ್ತೆ, ಏರುತ್ತೆ."

"ಅಲ್ಲ ಕಣ್ರೀ, ಚಂದ್ರ ಎಳೀತಾನಂತೆ! ಇಷ್ಟು ವರ್ಷ ನೀರು ಯಾವಾಗ ಬರುತ್ತೆ ಅಂತ ಹೇಳಿದ್ರಿ. ಯಾಕೆ ಬರುತ್ತೆ ಅಂತ ಒಂದು ದಿನವಾದ್ರೂ ಹೇಳಿದ್ರಾ?"

ಆ 'ಯಾಕೆ' ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅಲ್ಲಿಂದ ಮುಂದೆ ತಟ್ಟೆಗೆ ಅನ್ನ ಬೀಳುವ ಮೊದಲು ಮೇಷ್ಟ್ರ ಹೆಸರು ಬೀಳತೊಡಗಿತು.

"ಭೂಮಿ ತನ್ನನ್ನ ತಾನೇ ಎಲ್ಲಾ ಕಡೆಯಿಂದ ಒಳಕ್ಕೆ ಎಳ್ಕೊಳ್ಳುತ್ತಂತೆ. ಅದಕ್ಕೇ ಗುಂಡಗಿದೆಯಂತೆ."

"ನಾನೂ ಗುಂಡಗೇ ಇದ್ದೀನಲ್ಲ!"

"ನೀವು ಎಳ್ಕೊಳ್ಳೋದು ತಟ್ಟೇನ!"

ಅದೂ ಹೋಗಲಿ. ಪಾಠಕ್ಕೆ ಹೊಸ ಕಾಂಗಾ ಉಟ್ಟು, ಕಣ್ಣಿಗೆ ಕಾಡಿಗೆ ತೀಡಿಕೊಂಡು ಹೋಗುವುದೇ? ಮೇಷ್ಟ್ರಿಗೋ ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬಾ ಹಲ್ಲು!

"ಕಾಡಿಗೆ ಯಾರಿಗೆ, ಚಂದ್ರನಿಗಾ?"

"ಹೊಟ್ಟೆಕಿಚ್ಚಾ?"

"ನನಗಾ? ಛೆ ಛೆ!" ಎಂದೆ. ಆ ಕಿಚ್ಚಿನಲ್ಲಿ ಒಂದು ಬುಟ್ಟಿ ಮರಗೆಣಸು ಸುಡಬಹುದಿತ್ತು.

ಕಡೆಗೆ ಮಹಾ ಯುದ್ಧತಂತ್ರವೊಂದನ್ನು ಹೂಡಿದೆ. ಶತ್ರುವಿನ ವಿದ್ಯೆಯನ್ನು ಶತ್ರುವಿನಿಂದಲೇ ಗುಟ್ಟಾಗಿ ಕಲಿತು, ಊಟದ ಹೊತ್ತಿಗೆ ನನ್ನದೇ ಎಂಬಂತೆ ಮೀಝೆಯ ಮುಂದೆ ಬಡಿಸುವುದು! ಹುಣ್ಣಿಮೆಯ ಮಾರನೆಯ ಬೆಳಿಗ್ಗೆ, "ಮೀನು ಹಿಡಿಯೋಣ ಬನ್ನಿ" ಎಂದು ಮೇಷ್ಟ್ರನ್ನು ದೋಣಿ ಹತ್ತಿಸಿದೆ. ಹವಳದ ಬಂಡೆ ದಾಟಿ ಆಳಕ್ಕೆ ಹೋಗುವುದೆಂದಿತ್ತು. ಆದರೆ ದಡ ಬಿಟ್ಟ ಕೂಡಲೇ ಮೇಷ್ಟ್ರ ಮುಖ ಬಾಳೆ ಎಲೆಯಾಯಿತು. ಪಾಪ, ವಾಂತಿಯಾದರೆ ವಿದ್ಯೆಯೂ ಹೊರಗೆ ಬಂದೀತು ಎಂದು ಬಂಡೆಯ ಈಚೆಗಿನ ಆಳವಿಲ್ಲದ ನೀರಿನಲ್ಲೇ ಲಂಗರು ಇಳಿಸಿ, "ಹೂಂ, ಚಂದ್ರನ ಸಮಾಚಾರ ಏನು?" ಎಂದೆ.

ಅವರು ಎಳನೀರಿನ ಕಾಯನ್ನು ಭೂಮಿ ಮಾಡಿದರು. ನಿಂಬೆಹಣ್ಣು ಚಂದ್ರನಾಯಿತು. ಸೂರ್ಯನಿಗಾಗಿ ದೋಣಿಯೆಲ್ಲ ಹುಡುಕಿ, ಕೊನೆಗೆ ನನ್ನ ಬೋಳುತಲೆಯನ್ನೇ ಗೊತ್ತುಮಾಡಿದರು!

"ಚಂದ್ರನನ್ನ ಭೂಮಿ ಎಳೆದರೆ ಅವನು ಬೀಳಬೇಕಲ್ಲ ಮೇಷ್ಟ್ರೇ?"

"ಬೀಳ್ತಾನೇ ಇದ್ದಾನೆ ನಹೋದಾ! ಜೊತೆಗೆ ಪಕ್ಕಕ್ಕೂ ಓಡ್ತಿದ್ದಾನೆ. ಬೀಳ್ತಾ ಬೀಳ್ತಾ ಭೂಮಿ ತಪ್ಪಿಹೋಗುತ್ತೆ. ಅದಕ್ಕೇ ಸುತ್ತೋದು."

ಅಯ್ಯೋ ಪುಣ್ಯಾತ್ಮ, ಎಷ್ಟು ಚೆನ್ನಾಗಿ ಹೇಳುತ್ತಾನೆ! ಮೀಝೆಯ ಮುಖ ಅರಳಿದ್ದು ಯಾಕೆಂದು ಈಗ ತಿಳಿಯಿತು, ಕಿಚ್ಚು ಇಮ್ಮಡಿಯಾಯಿತು. ಆದರೂ ಕಿವಿ ಮುಚ್ಚಿಕೊಳ್ಳಲು ಮನಸ್ಸಾಗಲಿಲ್ಲ. ಒಂದರ ಮೇಲೊಂದು ಕೇಳುತ್ತಲೇ ಹೋದೆ.

"ಹುಣ್ಣಿಮೆ ಅಮಾವಾಸ್ಯೆಗೆ ಮೂವರೂ ಒಂದೇ ಸಾಲಿಗೆ ಬರ್ತಾರೆ," ಎಂದು ಮೇಷ್ಟ್ರು ನಿಂಬೆಹಣ್ಣನ್ನು ಕಾಯಿಯ ಆಚೆಗಿಟ್ಟರು. "ಸೂರ್ಯ ಚಂದ್ರ ಇಬ್ಬರ ಎಳೆತವೂ ಕೂಡಿಕೊಳ್ಳುತ್ತೆ. ಆಗ ನೀರು ಬಹಳ ಏರುತ್ತೆ. ಅಷ್ಟೇ ಬಹಳ ಇಳಿಯುತ್ತೆ."

"ಎಷ್ಟು ಇಳಿಯುತ್ತೆ?" ಎಂದೆ. ಯಾರು? ನಾನು! ಜಂಬಿಯಾನಿಯ ನಹೋದಾ!

ಧಡ್! ದೋಣಿ ನೆಲಕ್ಕೆ ಕುಕ್ಕರಿಸಿ ವಾಲಿತು. ಮೇಷ್ಟ್ರು ಬಗ್ಗಿ ಕೆಳಗೆ ನೋಡಿದರು.

"ಇಷ್ಟು ಅನ್ಸುತ್ತೆ."

ಸುತ್ತ ಮರಳೋ ಮರಳು! ಸಮುದ್ರ ಬಂಡೆಯಾಚೆ ಬಿಳಿ ದಾರವಾಗಿತ್ತು. ದೋಣಿಯಡಿ ಕಡಲಪಾಚಿ ಕಟ್ಟಿ ಬೆಳೆಸುವ ಗೂಟಗಳು ಲಟಲಟ ಮುರಿದಿದ್ದವು. ಯಾವ ನತದೃಷ್ಟೆಯ ಬೆಳೆಯಪ್ಪಾ ಎಂದು ಇಣುಕಿದರೆ, ಗುರುತಿಗೆ ಕಟ್ಟಿದ್ದ ನೀಲಿ ಬಟ್ಟೆ ನನ್ನದೇ ಹಳೆಯ ಅಂಗಿಯ ತೋಳು!

ಅಷ್ಟರಲ್ಲಿ ಇಳಿತದ ಕೆಲಸಕ್ಕೆ ಹೆಂಗಸರ ದಂಡು ಚೀಲ ಹೊತ್ತು ಬರುತ್ತಿತ್ತು. ಮುಂದೆ ಮೀಝೆ.

"ಮಲಗಿ ಮೇಷ್ಟ್ರೇ!" ಎಂದು ಅವರನ್ನು ಕೆಡವಿ ಮೇಲೆ ಹಾಯಿ ಮುಚ್ಚಿದೆ.

"ಇದೇನ್ರೀ, ನನ್ನ ಬೆಳೆ ಮೇಲೆ ದೋಣಿ?"

"ಗಾಳಿ... ಗಾಳಿ ಇರಲಿಲ್ಲ ಕಣೇ."

ಹಾಯಿ ಸೀನಿತು. ಒಳಗಿನಿಂದ ನಿಂಬೆಹಣ್ಣು ಉರುಳಿ ಬಂದು ಮೀಝೆಯ ಕಾಲ ಬಳಿ ಬಿತ್ತು. ಅವಳು ಅದನ್ನೆತ್ತಿ ನೋಡಿದಳು, ಕಾಯಿಯನ್ನು ನೋಡಿದಳು, ನನ್ನ ತಲೆಯನ್ನೂ ನೋಡಿದಳು. ಸಂಜೆ ಪಾಠದಲ್ಲಿ ಕಂಡ ಸಾಮಾನೇ ಅಲ್ಲವೇ, ಎಲ್ಲ ಅರ್ಥವಾಗಿಹೋಯಿತು.

"ಅಯ್ಯೋ, ಊರಿಗೆ ನೀರಿನ ಹೊತ್ತು ಹೇಳೋ ನಹೋದಾ ಒಣಮರಳಲ್ಲಿ ಕೂತಿದ್ದಾರೆ ನೋಡ್ರೇ!" ಎಂದು ಮುದುಕಿ ಬೀಬಿ ಪಾಂಡು ಕೂಗಿದಳು. ಹೆಂಗಸರು ಚೀಲ ಕೆಳಗಿಟ್ಟು ನಗಲು ನಿಂತರು.

ಮೇಷ್ಟ್ರು ಹಾಯಿಯಿಂದ ತಲೆ ಹೊರಗೆ ಹಾಕಿ, "ಅವರನ್ನ ಬೈಬೇಡಿಯಮ್ಮಾ. ನಿಮಗೆ ಹೇಳ್ಬೇಕು ಅಂತಲೇ ಇಷ್ಟೆಲ್ಲ ಕಲಿತ್ರು" ಎಂದರು. ನನ್ನ ಗುಟ್ಟು ಅವರಿಗೆ ಯಾವಾಗ ತಿಳಿಯಿತೋ!

ಮೀಝೆಯ ಕಣ್ಣು ಮೆತ್ತಗಾಯಿತು. ಗೆದ್ದೆ! ಶತ್ರುವೇ ಗೆಲ್ಲಿಸಿದ! ಎದೆಯುಬ್ಬಿಸಿ ಹೇಳಿದೆ:

"ನೀರನ್ನ ಚಂದ್ರ ಯಾಕೆ ಎಳೀತಾನೆ ಅಂತ ಈಗ ನಾನೇ ಹೇಳ್ತೀನಿ, ಕೇಳು!"

ಮೀಝೆ ಮುರಿದ ಗೂಟಗಳನ್ನು ಆಯ್ದು ನನ್ನ ಕೈಗಿಟ್ಟಳು.

"ಸಂತೋಷ ಕಣ್ರೀ, ಯಾಕೆ ಅಂತ ನಿಮ್ಮನ್ನೇ ಕೇಳ್ತೀನಿ. ಯಾವಾಗ ಅಂತ ಇನ್ಮೇಲೆ ಮೇಷ್ಟ್ರನ್ನ ಕೇಳ್ತೀನಿ!"